ಆಣೆ ವಕೀಲ ಶೀನಪ್ಪನವರು

ಹೊಸಪೇಟೆಯ ಮುನಸೀಫ ಕೋರ್ಟಿಗೆ ಶೀನಪ್ಪನವರು ಕರಿ ಕೋಟು ಹಾಕಿಕೊಂಡು ಬಂದ ಮೊದಲ ವರ್ಷ ಅವರ ಹತ್ತಿರ ಇದ್ದದ್ದು ಮದ್ರಾಸಿನಲ್ಲಿ ಓದಿ ತಂದ ಬಿ.ಎಲ್. ಪದವಿ, ಮಾವ ಕೊಡಿಸಿದ ಒಂದು ಬೆತ್ತದ ಕುರ್ಚಿ, ಮತ್ತೆ ಬೇಕಾದಷ್ಟು ಮಾತು. ಕಕ್ಷಿದಾರರು ಮಾತ್ರ ಇರಲಿಲ್ಲ. ಊರಿನ ವ್ಯಾಜ್ಯಗಳನ್ನೆಲ್ಲ ಇಬ್ಬರು ಹಳೆಯ ವಕೀಲರು ತಮ್ಮ ತಮ್ಮಲ್ಲೇ ಹಂಚಿಕೊಂಡಿದ್ದರು. ಶೀನಪ್ಪನವರು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟು, ಜರಿ ರುಮಾಲು ಸುತ್ತಿ ಕೋರ್ಟಿಗೆ ಹೋಗುವರು. ಅಲ್ಲಿ ಹುಣಸೆಮರದ ಕೆಳಗೆ ನಿಂತು ಸಿಕ್ಕವರ ಹತ್ತಿರ ಮಾತಾಡಿ, ಸಂಜೆಗೆ ಗಂಟಲು ಕಟ್ಟಿಸಿಕೊಂಡು ಮನೆಗೆ ಬರುವರು. ಹೆಂಡತಿ ರಾಧಾಬಾಯಿ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತ, ಇವತ್ತು ಯಾವ ಕೇಸಿನಲ್ಲಿ ಇಷ್ಟು ಕೂಗಿದಿರಿ ಎಂದು ಕೇಳುತ್ತಿದ್ದರು. ಕೇಸಿಲ್ಲವೆಂಬುದು ಗೊತ್ತಿದ್ದೇ ಕೇಳುತ್ತಿದ್ದರು.

ಸಾವಿರದ ಒಂಬೈನೂರ ಹದಿಮೂರರಲ್ಲಿ ಕಂಪ್ಲಿಯಿಂದ ಉಚ್ಚೆಂಗಪ್ಪ ಬಂದ. ಕಾಲುವೆ ಕೆಳಗೆ ಕಬ್ಬು ಗದ್ದೆ, ಎರಡು ಗಾಣ, ನಾಲ್ಕು ಜೊತೆ ಎತ್ತು ಇದ್ದ ದೊಡ್ಡ ಕುಳ. ಹಳೆಯ ವಕೀಲರಿಬ್ಬರೂ ಅವನ ಕೇಸು ನಿಲ್ಲುವುದಿಲ್ಲವೆಂದು ಹೇಳಿ ಕಳಿಸಿದ್ದರಿಂದ ಬೇರೆ ದಾರಿಯಿಲ್ಲದೆ ಹುಣಸೆಮರದ ಕೆಳಗೆ ಬಂದು ನಿಂತಿದ್ದ. ವ್ಯಾಜ್ಯ ಒಂದು ಬಾಳೆ ತೋಟದ್ದು. ತೋಟದಲ್ಲಿ ದುಡಿಯುತ್ತಿದ್ದವನು ಪಂಪಣ್ಣ ಎಂಬ ರೈತ. ನಿಮ್ಮಪ್ಪನೇ ನಮ್ಮಪ್ಪನಿಗೆ ಮಾರಿದ್ದು, ಆಗ ಕಾಗದಪತ್ರ ಯಾರು ಮಾಡಿಸುತ್ತಿದ್ದರು, ಬಾಯಿಮಾತೇ ಕಾಗದ ಎಂದು ಪಂಪಣ್ಣ ಹೇಳುತ್ತಿದ್ದ. ಮಾರಿಲ್ಲ, ಸಾಗುವಳಿಗೆ ಮಾತ್ರ ಬಿಟ್ಟಿದ್ದು ಎಂದು ಉಚ್ಚೆಂಗಪ್ಪನ ವಾದ. ಮಾರಿದವರು, ಕೊಂಡವರು, ನೋಡಿದವರು, ಮೂವರೂ ತೀರಿಹೋಗಿದ್ದರು.

ಶೀನಪ್ಪನವರು ಆ ರಾತ್ರಿ ಕಾನೂನಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಹರಡಿಕೊಂಡು ಕೂತರು. ಸರ್ಕಾರದ ಆಣೆ ಕಾಯಿದೆಯಲ್ಲಿ ಯಾರೂ ಹೆಚ್ಚು ಮುಟ್ಟದ ಒಂದು ಕಲಮು ಸಿಕ್ಕಿತು. ಎದುರಾಳಿ ತಾನು ನಂಬುವ ದೇವರ ಮುಂದೆ ಆಣೆ ಮಾಡಿ ಹೇಳಿದರೆ ಅದನ್ನೇ ಸತ್ಯವೆಂದು ಒಪ್ಪುತ್ತೇನೆ ಎಂದು ಒಂದು ಪಕ್ಷ ಕೋರ್ಟಿನಲ್ಲಿ ಹೇಳಬಹುದು. ಎದುರಾಳಿ ಹೂಂ ಅಂದರೆ ಸಾಕ್ಷಿ, ದಾಖಲೆ ಏನೂ ಬೇಡ, ಕೇಸು ಅಲ್ಲಿಗೇ ತೀರ್ಮಾನ. ಮರುದಿನ ಎದ್ದು ನಿಂತು ಹಂಪಿಯ ವಿರೂಪಾಕ್ಷನ ಹೆಸರು ಹೇಳಿದರು. ಮುನಸೀಫರು ಪಂಪಣ್ಣನ ಮುಖ ನೋಡಿದರು. ಪಂಪಣ್ಣ ಸ್ವಲ್ಪ ಹೊತ್ತು ಬೆರಳು ಎಣಿಸುತ್ತ ನಿಂತು, ಆಗಲಿ ಅಂದ. ಮುಂದಿನ ತಿಂಗಳಿಗೆ ತಾರೀಖು ಬಿತ್ತು.

ಆವತ್ತು ಕೋರ್ಟು ಕಳಿಸಿದ ಕಮಿಷನರು, ಎರಡೂ ಕಡೆಯವರು, ಕಂಪ್ಲಿಯ ಅರ್ಧ ಊರು ಹಂಪಿಯಲ್ಲಿ ಸೇರಿತು. ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ತುಂಗಭದ್ರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಗುಡಿಯೊಳಗೆ ಬಂದು, ಗರ್ಭಗುಡಿಯ ಹೊಸ್ತಿಲ ಮೇಲೆ ಹಚ್ಚಿಟ್ಟ ಕರ್ಪೂರವನ್ನು ಅಂಗೈಯಿಂದ ಆರಿಸಿ, ನಾನು ಹೇಳಿದ್ದು ನಿಜ ಅನ್ನಬೇಕು. ಪಂಪಣ್ಣ ಮುಳುಗಿ ಬಂದ. ಹೊಸ್ತಿಲ ಮುಂದೆ ನಿಂತ. ಕೈ ಚಾಚಿದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ನನ್ನ ಕೈಲಿ ಆಗುವುದಿಲ್ಲ ಎಂದಷ್ಟೇ ಹೇಳಿ, ನೀರು ತೊಟ್ಟಿಕ್ಕಿಸುತ್ತ ಹೊರಗೆ ಹೋಗಿಬಿಟ್ಟ. ಯಾಕೆಂದು ಕಮಿಷನರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಆಣೆಗೆ ಒಪ್ಪಿ ಆಮೇಲೆ ಹಿಂದೆಗೆದದ್ದರಿಂದ ಬಾಳೆ ತೋಟ ಉಚ್ಚೆಂಗಪ್ಪನದಾಯಿತು.

ಶೀನಪ್ಪನವರ ಅದೃಷ್ಟ ಖುಲಾಯಿಸಿದ್ದು ಅವತ್ತೇ. ಊರಿಗೆ ಊರೇ ಅವರನ್ನು ಆಣೆ ವಕೀಲರು ಎಂದು ಕರೆಯತೊಡಗಿತು. ಬೆತ್ತದ ಕುರ್ಚಿಗೆ ಜೊತೆಯಾಗಿ ಬೆಂಚುಗಳು ಬಂದವು, ಗುಮಾಸ್ತರು ಬಂದರು, ಮನೆ ಮುಂದೆ ಕಂಪ್ಲಿ ಕಮಲಾಪುರಗಳ ಬಂಡಿಗಳು ಬಂದು ನಿಂತವು. ಯಾವ ಊರಿನ ಯಾವ ಮನೆತನದವರು ಯಾವ ದೇವರಿಗೆ ಹೆದರುತ್ತಾರೆಂಬುದು ಅವರಿಗೆ ಬಾಯಿಪಾಠವಾಯಿತು. ಅಂಬಿಗರಿಗೆ ಹುಲಿಗೆಮ್ಮ, ಮುಸಲ್ಮಾನರಿಗೆ ದರ್ಗಾ, ತಮ್ಮದೇ ಮಾಧ್ವ ಜನಕ್ಕೆ ಚಕ್ರತೀರ್ಥದ ಹನುಮಪ್ಪ. ಬರುಬರುತ್ತ ಅವರು ದೇವರ ಹೆಸರೆತ್ತಿದರೆ ಸಾಕು, ಎದುರಾಳಿಗಳು ರಾಜಿಗೆ ಬರುತ್ತಿದ್ದರು. ಸುಳ್ಳು ಹೇಳುವವನ ಕಾಲು ಹೊಸ್ತಿಲಲ್ಲಿ ನಡುಗುತ್ತದೆ, ನಿಜ ಹೇಳುವವನಿಗೆ ಎಂಥ ಭಯ ಎಂದು ಅವರು ಹೇಳುತ್ತಿದ್ದರು. ಎಷ್ಟು ಸಲ ಹೇಳಿದರೆಂದರೆ ತಾವೂ ಅದನ್ನು ನಂಬಿಬಿಟ್ಟರು.

ಪಂಪಣ್ಣ ಕಂಪ್ಲಿಯಲ್ಲೇ ಇದ್ದ. ಎಲ್ಲಿಗೆ ಹೋದಾನು. ಬೇರೆಯವರ ತೋಟವನ್ನು ಕೋರಿಗೆ ಮಾಡುತ್ತ, ಬಂದದ್ದರಲ್ಲಿ ಅರ್ಧ ಕೊಟ್ಟು ಅರ್ಧ ಉಣ್ಣುತ್ತ ಇದ್ದ. ಊರಿನ ಪುಂಡರು ಅವನಿಗೆ ಹೊಸ್ತಿಲ ಪಂಪಣ್ಣ ಎಂದು ಹೆಸರಿಟ್ಟರು. ಅವನು ಯಾವುದಕ್ಕಾದರೂ ಸಾಕ್ಷಿ ಹೇಳಹೋದರೆ ಜನ ನಗುತ್ತಿದ್ದರು. ಮಗಳು ಊರಮ್ಮ ದೊಡ್ಡವಳಾದಾಗ ಬಂದ ಸಂಬಂಧಗಳು, ಆಣೆಗೆ ಹೆದರಿದವನ ಮಗಳಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹಿಂದಕ್ಕೆ ಹೋದವು. ಕೊನೆಗೆ ಈ ಕಥೆ ಕೇಳಿರದ ದೂರದ ಬಂಡ್ರಿಯಿಂದ ಗಾಳೆಪ್ಪನೆಂಬ ಬಡವನೊಬ್ಬ ಮನೆ ಅಳಿಯನಾಗಿ ಬಂದ. ಇಷ್ಟಾದರೂ ಶೀನಪ್ಪನವರ ಜಟಕಾ ಎದುರಾದರೆ ಪಂಪಣ್ಣ ದಾರಿ ಬಿಟ್ಟು ನಿಂತು, ಆರಾಮ ಅದೀರಾ ವಕೀಲ್ರ, ಎಂದು ಕೈ ಮುಗಿಯುತ್ತಿದ್ದ. ಅವನು ಬೈದಿದ್ದರೆ ಶೀನಪ್ಪನವರಿಗೆ ಸುಲಭವಾಗುತ್ತಿತ್ತು. ಕೈ ಮುಗಿದರೆ ಏನು ಮಾಡಬೇಕೆಂದು ತಿಳಿಯದೆ, ಕುದುರೆಗೆ ಒಂದು ಏಟು ಹೆಚ್ಚು ಹಾಕಲು ಜಟಕಾದವನಿಗೆ ಹೇಳುತ್ತಿದ್ದರು.

ಮಾತು ಬಲ್ಲ ವಕೀಲನಿಗೆ ಕೋರ್ಟು ಎಷ್ಟು ದಿನ ಸಾಕಾದೀತು. ಐವತ್ತರ ಹತ್ತಿರ ಬಂದಾಗ ಶೀನಪ್ಪನವರಿಗೆ ರಾಜಕೀಯದ ಗೀಳು ಹತ್ತಿತು. ಬಳ್ಳಾರಿಯ ಜಿಲ್ಲಾ ಬೋರ್ಡಿಗೆ ಚುನಾವಣೆ ಬಂತು. ರಸ್ತೆ, ಆಸ್ಪತ್ರೆ, ಶಾಲೆ, ನದಿ ದಾಟಿಸುವ ಹರಿಗೋಲಿನ ಗುತ್ತಿಗೆ ಎಲ್ಲವೂ ಆ ಬೋರ್ಡಿನ ಕೈಯಲ್ಲಿದ್ದವು. ಖಾದಿ ಕೋಟು ಹೊಲಿಸಿಕೊಂಡು ಕಂಪ್ಲಿ ಕಡೆಯಿಂದ ನಿಂತರು. ಎದುರಿಗೆ ನಿಂತವನು ಹೊಸಪೇಟೆಯ ಬೆಲ್ಲದ ಮಂಡಿ ಮರುಳಸಿದ್ದಪ್ಪ. ಅವನಿಗೆ ಮಾತು ಬರುತ್ತಿರಲಿಲ್ಲ. ಆದರೆ ಮಾತಾಡಬಲ್ಲವರನ್ನು ಅವನು ಸಾಕಿಕೊಂಡಿದ್ದ.

ಶೀನಪ್ಪನವರ ಪ್ರಚಾರ ಭರ್ಜರಿಯಾಗಿ ನಡೆಯಿತು. ಒಂದು ದಿನ ದಕ್ಷಿಣದ ಗುಡ್ಡಗಳ ಬುಡದಲ್ಲಿದ್ದ ಹಳ್ಳಿಯೊಂದರಲ್ಲಿ ಕಟ್ಟೆಯ ಮೇಲೆ ನಿಂತು, ನಿಮ್ಮ ರಸ್ತೆ ನೋಡಿದರೆ ನನ್ನ ಎದೆ ಒಡೆಯುತ್ತದೆ ಎಂದು ಗಂಟೆಗಟ್ಟಲೆ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು, ಚೆಂಡು ಹೂವಿನ ಹಾರ ಹಾಕಿದರು, ರೊಟ್ಟಿ ಊಟಕ್ಕೆ ಏಳಿಸಲು ಬಂದರು. ಆಮೇಲೆ ಊರ ಗೌಡ ನಿಧಾನವಾಗಿ, ಇದು ಸಂಡೂರು ಸಂಸ್ಥಾನದ ಊರೆಂದೂ, ನಿಮ್ಮ ಬೋರ್ಡಿಗೂ ತಮಗೂ ಸಂಬಂಧವಿಲ್ಲವೆಂದೂ, ಮಾತು ಮಾತ್ರ ಮಸ್ತಾಗಿತ್ತೆಂದೂ ಹೇಳಿದ. ಗಡಿಯ ಕಲ್ಲನ್ನು ಹಿಂದೆ ಬಿಟ್ಟು ಎರಡು ಮೈಲಿ ಬಂದಿದ್ದರು. ರಾಧಾಬಾಯಿ ಈ ಸುದ್ದಿ ಕೇಳಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಗೆದ್ದ ಮೇಲೆ ಸಂಡೂರಿಗೂ ರಸ್ತೆ ಮಾಡಿಸ್ರಿ, ಭಾಷಣ ಕೇಳಿದ ಪುಣ್ಯಕ್ಕಾದರೂ ಅವರಿಗೆ ಸಿಗಲಿ ಎಂದು ವಾರವಿಡೀ ಕಾಡಿದರು.

ಗೆಲುವು ಬಹುತೇಕ ಕೈಗೆ ಬಂದಂತಿತ್ತು. ಆಗ ಓಟಿದ್ದದ್ದು ಕಂದಾಯ ಕಟ್ಟುವ ಕುಳಗಳಿಗೆ ಮಾತ್ರ, ಕಂಪ್ಲಿಯ ಕುಳಗಳೆಲ್ಲ ಉಚ್ಚೆಂಗಪ್ಪನ ಮಾತು ಮೀರುವವರಲ್ಲ. ಉಚ್ಚೆಂಗಪ್ಪ ಶೀನಪ್ಪನವರ ಬಲಗೈ. ಆಗ ಮರುಳಸಿದ್ದಪ್ಪನ ಮಂದಿ ಒಂದು ಸುದ್ದಿ ಹಬ್ಬಿಸಿದರು. ಆಣೆ ವಕೀಲರು ಗೆದ್ದರೆ ಕಂಪ್ಲಿಯ ಹರಿಗೋಲಿನ ಗುತ್ತಿಗೆಯನ್ನು ಅಂಬಿಗರಿಂದ ಕಿತ್ತು ಬಳ್ಳಾರಿಯ ಒಬ್ಬ ಕಂಟ್ರಾಕ್ಟರನಿಗೆ ಕೊಡಿಸುತ್ತಾರಂತೆ, ಒಳಗೊಳಗೇ ಮಾತಾಗಿದೆಯಂತೆ. ಇದು ಶುದ್ಧ ಸುಳ್ಳು. ಶೀನಪ್ಪನವರು ಆ ಕಂಟ್ರಾಕ್ಟರನ ಮುಖ ಕೂಡ ನೋಡಿರಲಿಲ್ಲ. ಆದರೆ ನದಿಯ ಆಚೆ ನಿಜಾಮರ ಸೀಮೆಗೆ ದಿನವೂ ದಾಟುವ ಊರು ಅದು. ಹರಿಗೋಲಿನ ವಿಷಯವೆಂದರೆ ಮನೆಮನೆಯ ವಿಷಯ. ಸುದ್ದಿ ಕಾಲುವೆ ನೀರಿನ ಹಾಗೆ ಎಲ್ಲ ಗದ್ದೆಗೂ ಹರಿಯಿತು. ಕೊನೆಗೆ ಮರುಳಸಿದ್ದಪ್ಪನೇ ಸಂತೆಯಲ್ಲಿ ನಿಂತು, ತನಗೆ ಗೊತ್ತಿದ್ದ ಒಂದೇ ಮಾತನ್ನು ಆಡಿದ.

"ಊರ ಮಂದಿಗೆಲ್ಲ ಆಣಿ ಮಾಡ್ಸಿದ್ರಲ್ಲ, ಈಗ ತಾವು ಮಾಡ್ಲಿ. ವಿರೂಪಾಕ್ಷನ ಮುಂದ ಕರ್ಪೂರ ಆರಿಸ್ಲಿ. ನಾನು ಎಲೆಕ್ಷನ್ನಾಗಿಂದ ಸರದ್ ನಿಂದರ್ತೀನಿ."

ಶೀನಪ್ಪನವರಿಗೆ ಇದಕ್ಕಿಂತ ಖುಷಿಯ ಸಮಾಚಾರ ಬೇಕೆ. ತಾವೇ ಮಾಡಿಕೊಟ್ಟ ಅಸ್ತ್ರ, ತಮ್ಮದೇ ಅಂಗಳ, ಅದೂ ನಿಜವೇ ತಮ್ಮ ಕಡೆ. ಸೋಮವಾರ ಬರುತ್ತೇನೆಂದು ಹೇಳಿ ಕಳಿಸಿದರು. ಮನೆಯಲ್ಲಿ ರಾಧಾಬಾಯಿ ಮಾತ್ರ ನಗಲಿಲ್ಲ. ಮಗಳು ವಿಜಯಲಕ್ಷ್ಮೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು, ಇವತ್ತೋ ನಾಳೆಯೋ ಎನ್ನುವಂತಿದ್ದಳು.

"ಮನ್ಯಾಗ ತುಂಬಿದ ಬಸುರಿ ಇದ್ದಾಳ. ಹಿಂಥಾ ಹೊತ್ತಿನ್ಯಾಗ ಗಂಡಸರು ತೆಂಗಿನಕಾಯಿ ಸೈತ ಒಡ್ಯಂಗಿಲ್ಲ. ಆಣಿ ಅಂದ್ರ ಹೇಳೂದು ನಿಜ ಇದ್ರೂ ಮಾಡಬಾರದು ಅಂತಾರ. ಎಂಟು ದಿನ ಬಿಟ್ಟು ಹೋಗ್ರಿ" ಅಂದರು.

ಎಂಟು ದಿನ ಬಿಟ್ಟರೆ ಮತದಾನವೇ ಮುಗಿದಿರುತ್ತದೆಂದು ಶೀನಪ್ಪನವರು ನೆನಪಿಸಿದರು. ಮದ್ರಾಸಿನಲ್ಲಿ ಓದಿದವರು ಇಂಥದ್ದಕ್ಕೆಲ್ಲ ಹೆದರಿದರೆ ಓದಿದ್ದು ಯಾಕೆ ಎಂದೂ ಸೇರಿಸಿದರು. ವಿಜಯಲಕ್ಷ್ಮೀ ಕೂಡ ಅಪ್ಪನ ಕಡೆಗೇ ಆಗಿ, ಅವ್ವಾ, ಮಗು ಹುಟ್ಟುವುದರೊಳಗೆ ಅಜ್ಜ ಮೆಂಬರಾಗಲಿ ಬಿಡು ಅಂದಳು. ಅವರು ನಗುನಗುತ್ತ ಜಟಕಾ ಹತ್ತಿದರು.

ಹಂಪಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಶೀನಪ್ಪನವರು ನದಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಸೆಟೆದು ನಡೆದು ಬಂದರು. ಅರ್ಚಕರು ಹೊಸ್ತಿಲ ಮೇಲೆ ಕರ್ಪೂರ ಹಚ್ಚಿದರು. ಕೈ ಚಾಚಿ ಬಗ್ಗಿದಾಗ ಉರಿಯ ಬಿಸಿ ಅಂಗೈಗೆ ತಾಕಿತು; ಅದೇ ಹೊತ್ತಿಗೆ ಬೆಳಿಗ್ಗೆ ವಿಜಯಲಕ್ಷ್ಮೀ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತದ್ದು ಕಣ್ಣಿಗೆ ಕಟ್ಟಿತು. ಒಂದು ವೇಳೆ ಎಂಬ ಮಾತು ತಲೆಯೊಳಗೆ ಹೊಕ್ಕಿತು. ಒಂದು ವೇಳೆ ರಾಧಾಬಾಯಿ ಹೇಳಿದ್ದೇ ನಿಜವಾದರೆ. ನಂಬಿಕೆಯಲ್ಲ ಅದು, ಬರೀ ಭಯ. ಮೆಂಬರಗಿರಿ, ಹರಿಗೋಲು, ಮರುಳಸಿದ್ದಪ್ಪ ಎಲ್ಲ ಎಲ್ಲಿ ಹೋದವೋ. ಕೈ ತನ್ನಷ್ಟಕ್ಕೆ ಹಿಂದೆ ಬಂತು.

"ನನ್ನ ಕೈಲಿ ಆಗೂದಿಲ್ಲ" ಅಂದರು.

ಗುಡಿಯೊಳಗೆ ಗದ್ದಲವೆದ್ದಿತು. ಮರುಳಸಿದ್ದಪ್ಪನ ಮಂದಿ ಶಿಳ್ಳೆ ಹಾಕಿದರು. ಅಂಬಿಗರು ಮುಖ ತಿರುಗಿಸಿದರು. ಉಚ್ಚೆಂಗಪ್ಪ ಹತ್ತಿರ ಬಂದು, ಎಂಥಾ ಕೆಲಸ ಮಾಡಿದ್ರಿ, ಏನರ ಒಂದು ಕಾರಣ ಹೇಳ್ರಿ ಎಂದು ಕಿವಿಯಲ್ಲಿ ಗೊಣಗಿದ. ಹೇಳುವುದೇನನ್ನು. ಶಿಳ್ಳೆ ಹಾಕುವ ಮಂದಿಯ ನಡುವೆ ನಿಂತು ಹೆರಿಗೆಯ ಮಗಳ ಹೆಸರೆತ್ತಲು ಬಾಯಿ ಬರಲಿಲ್ಲ. ಎತ್ತಿದರೂ ವಕೀಲರ ನೆವ ಎಂದೇ ಅಂದುಕೊಳ್ಳುತ್ತಿದ್ದರು.

ಆಗ ಕಂಬದ ಪಕ್ಕದಿಂದ ಪಂಪಣ್ಣ ಮುಂದೆ ಬಂದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಭೂಮಿ ಹೋದಾಗಲೇ ಕಂದಾಯ ಹೋಗಿ, ಕಂದಾಯದ ಜೊತೆ ಮತವೂ ಹೋಗಿದ್ದರಿಂದ ಅವನಿಗೆ ಈ ಚುನಾವಣೆಯಲ್ಲಿ ಏನೂ ಕೆಲಸವಿರಲಿಲ್ಲ. ಶೀನಪ್ಪನವರ ಹತ್ತಿರ ಬಂದು ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದ, ಮನೆಯಲ್ಲಿ ಬಸುರಿ ಇದ್ದಾರೇನು ಎಂದು. ಶೀನಪ್ಪನವರು ತಲೆಯಾಡಿಸಿದರು. ಪಂಪಣ್ಣ ಜನರ ಕಡೆ ತಿರುಗಿದ.

"ವಕೀಲ್ರು ಸುಳ್ಳಾಡಿಲ್ಲ. ಮನ್ಯಾಗ ತುಂಬಿದ ಬಸುರಿ ಅದಾರ. ಆಣಿ ಹೆಂಗ ಮಾಡ್ಯಾರು? ನಾನೂ ಇಲ್ಲೇ ನಿಂತು ಕೈ ಹಿಂದಕ್ಕ ತಗಂಡಿದ್ದೆ. ಅವತ್ತು ನನ್ನ ಹೇಣ್ತಿ ವಿರುಪಮ್ಮಗ ದಿನ ತುಂಬಿದ್ದುವು. ತಾರೀಖಿನ ಹೊತ್ತಿಗೆ ಹೆರಿಗಿ ಆಗಿರತೈತಿ ಅಂತ ಲೆಕ್ಕ ಹಾಕಿ ಹೂಂ ಅಂದಿದ್ದೆ. ಕೂಸು ತಡಾ ಮಾಡ್ತು. ಸರ್ಕಾರದ ಮಂದಿ ಮುಂದ ಹೆಂಗಸರ ಸುದ್ದಿ ಹೇಳಾಕ ಬಾಯಿ ಬರಲಿಲ್ಲ."

ಹೆಂಗಸರ ಗುಂಪಿನಿಂದ ಯಾರೋ ಹೌದು ಹೌದು ಅಂದರು. ಇನ್ನೊಬ್ಬಳು, ಊರಮ್ಮ ಹುಟ್ಟಿದ್ದು ಆ ವಾರವೇ, ನಾನೇ ಇದ್ದೆ ಹೆರಿಗೆಗೆ ಅಂದಳು. ಅಂಬಿಗರ ಹಿರಿಯ ಮುಂದೆ ಬಂದು ಶೀನಪ್ಪನವರ ಹೆಗಲಿಗೆ ಒಣ ವಲ್ಲಿ ಹೊದಿಸಿದ. ಮರುಳಸಿದ್ದಪ್ಪನ ಮಂದಿ ಇನ್ನೂ ಏನೋ ಕೂಗುತ್ತಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ವಾಪಸು ಬರುವಾಗ ಉಚ್ಚೆಂಗಪ್ಪ ಜಟಕಾದಲ್ಲಿ ಪಕ್ಕಕ್ಕೆ ಕೂತಿದ್ದ. ಕಮಲಾಪುರದ ಕೆರೆ ಏರಿಯ ಮೇಲೆ ಬಂದಾಗ ಶೀನಪ್ಪನವರು ಅವನನ್ನು ಕೇಳಿದರು, ಆ ತೋಟ ನಿಮ್ಮಪ್ಪ ಮಾರಿದ್ದು ನಿಜವೇನು ಎಂದು. ಉಚ್ಚೆಂಗಪ್ಪ ಕೆರೆಯ ಕಡೆ ನೋಡುತ್ತ, ಈಗ್ಯಾಕ ಅದನ್ನ ಕೆದಕ್ತೀರಿ, ಕೋರ್ಟು ತೀರ್ಮಾನ ಮಾಡೇತಿ, ನೀವು ಎಲೆಕ್ಷನ್ ನೋಡ್ಕೋರಿ ಅಂದ. ಮಾರಿಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಎಷ್ಟೋ ಸಾಕ್ಷಿಗಳ ಪಾಟೀಸವಾಲು ಮಾಡಿದ್ದ ಶೀನಪ್ಪನವರಿಗೆ ಅಷ್ಟು ಸಾಕಾಯಿತು. ಅವತ್ತು ತಾವೇ ಕೋರ್ಟಿನಲ್ಲಿ ಆಣೆಗೆ ಇನ್ನೊಂದು ತಾರೀಖು ಕೇಳಿದ್ದರೆ ಆಗುತ್ತಿತ್ತು. ಯಾಕಪ್ಪ ಕೈ ತೆಗೆದೆ ಎಂದು ಪಂಪಣ್ಣನನ್ನು ಪಕ್ಕಕ್ಕೆ ಕರೆದು ಕೇಳಿದ್ದರೂ ಆಗುತ್ತಿತ್ತು. ಗೆದ್ದ ಸಂಭ್ರಮದಲ್ಲಿ ಅವರಿಗೆ ಪುರುಸೊತ್ತಿರಲಿಲ್ಲ.

ಮನೆಗೆ ಬಂದಾಗ ವಿಜಯಲಕ್ಷ್ಮೀಗೆ ನೋವು ಶುರುವಾಗಿತ್ತು. ಬೆಳಗಾಗುವುದರೊಳಗೆ ಗಂಡುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಆಣೆ ಮಾಡಿದ್ದರೂ ಕ್ಷೇಮವೇ ಇರುತ್ತಿದ್ದರು ಎಂದು ಶೀನಪ್ಪನವರ ಬುದ್ಧಿ ಹೇಳಿತು. ಹಾಗಿದ್ದರೂ ಮಾಡದೇ ಇದ್ದದ್ದಕ್ಕೆ ಅವರಿಗೆ ಸಮಾಧಾನವಿತ್ತು. ರಾಧಾಬಾಯಿಯ ಮುಂದೆ ಅದನ್ನು ಒಪ್ಪಿಕೊಂಡರು ಕೂಡ.

ಇದೊಂದನ್ನು ಮುಚ್ಚಿಟ್ಟರೆ ಅವರ ಕಥೆ ಹೇಳಿದಂತಾಗುವುದಿಲ್ಲ: ಪಂಪಣ್ಣನ ತೋಟದ ಮಾತನ್ನು ಅವರು ಓಟು ಎಣಿಸಿ ಮುಗಿಯುವವರೆಗೂ ಎತ್ತಲಿಲ್ಲ. ಕಂಪ್ಲಿಯ ಓಟುಗಳು ಉಚ್ಚೆಂಗಪ್ಪನ ಕೈಯಲ್ಲಿದ್ದವು, ಶೀನಪ್ಪನವರಿಗೆ ಗೆಲ್ಲಬೇಕಾಗಿತ್ತು. ಗೆದ್ದರು. ಹಂಪಿಯಿಂದ ಬರಿಗೈಯಲ್ಲಿ ಬಂದವರಿಗೆ ಅಂಬಿಗರ ಕೇರಿಯ ಕುಳಗಳೂ ಓಟು ಹಾಕಿದ್ದರು. ಗೆದ್ದ ವಾರ ಕಂಪ್ಲಿಯ ಸಂತೆಮಾಳದಲ್ಲಿ ಸನ್ಮಾನ. ಪಕ್ಕದ ಕುರ್ಚಿಯಲ್ಲಿ ಉಚ್ಚೆಂಗಪ್ಪ, ಇಬ್ಬರ ಕೊರಳಲ್ಲೂ ಹಾರ. ಶೀನಪ್ಪನವರು ಎದ್ದು, ರಸ್ತೆ ಆಸ್ಪತ್ರೆ ಎಲ್ಲ ಹೇಳಿ ಮುಗಿಸಿದರು. ಜನ ಎದ್ದೇಳುವ ಹೊತ್ತಿಗೆ ಮತ್ತೆ ಕೈ ಎತ್ತಿದರು.

"ಇನ್ನೊಂದು ಮಾತು ಉಳದದ. ಆ ಬಾಳಿ ತೋಟ ಪಂಪಣ್ಣಂದು. ನಾ ಗೆದ್ದ ಮೊದಲನೇ ಕೇಸು ಸುಳ್ಳು ಕೇಸು. ಅಂವ ಸುಳ್ಳು ಹೇಳಲಿಲ್ಲ. ನಾ ಅಂವನ್ನ ಕೇಳಲಿಲ್ಲ" ಅಂದರು.

ಉಚ್ಚೆಂಗಪ್ಪ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಇಳಿದುಹೋದ. ತೋಟವನ್ನು ಬಿಟ್ಟುಕೊಡಲಿಲ್ಲ, ಕೋರ್ಟಿನ ತೀರ್ಪು ಅವನ ಕಡೆಗಿತ್ತು, ಅದನ್ನು ಕೊಡಿಸಿದವರು ಇವರೇ. ಮುಂದಿನ ಚುನಾವಣೆಯಲ್ಲಿ ಅವನು ಮರುಳಸಿದ್ದಪ್ಪನ ಜೊತೆ ಸೇರಿ ಶೀನಪ್ಪನವರನ್ನು ಸೋಲಿಸಿದ. ಅಷ್ಟರೊಳಗೆ ಕಂಪ್ಲಿಗೆ ಆಸ್ಪತ್ರೆ ಬಂದಿತ್ತು, ಹರಿಗೋಲು ಅಂಬಿಗರಲ್ಲೇ ಉಳಿದಿತ್ತು. ಶೀನಪ್ಪನವರು ಮತ್ತೆ ಹುಣಸೆಮರದ ಕೆಳಗೆ ಬಂದು, ಸಾಕ್ಷಿ ದಾಖಲೆಗಳಿಂದಲೇ ಕೇಸು ನಡೆಸುತ್ತ, ಮೊದಲಿಗಿಂತ ಹೆಚ್ಚು ಸೋಲುತ್ತ, ಎರಡನೆಯ ಮಹಾಯುದ್ಧದ ವರ್ಷಗಳವರೆಗೂ ವಕೀಲಿ ಮಾಡಿದರು. ಆದರೆ ಇವೆಲ್ಲ ಆಮೇಲಿನ ಮಾತು.

ಸನ್ಮಾನದ ಸಂಜೆ ಅವರು ಪಂಪಣ್ಣನ ಮನೆ ಹುಡುಕಿಕೊಂಡು ಹೋದರು. ಸಭೆಗೆ ಅವನು ಬಂದಿರಲಿಲ್ಲ. ಅಳಿಯ ಗಾಳೆಪ್ಪ ಸಭೆಯಿಂದ ಬಂದು ಅವನಿಗೆ ಸುದ್ದಿ ಮುಟ್ಟಿಸಿದ್ದ. ಪಂಪಣ್ಣ ಕಟ್ಟೆಯ ಮೇಲೆ ಕಂಬಳಿ ಹಾಸಿ, ಕುಂದ್ರಿ ವಕೀಲ್ರ ಅಂದ. ಶೀನಪ್ಪನವರು ಕೂತು, ಎಲ್ಲರ ಮುಂದೆ ಹೇಳಿಬಿಟ್ಟೆ ಎಂದರು. ಪಂಪಣ್ಣ ತಲೆಯಾಡಿಸಿದ.

"ಹೇಳಿದ್ರಂತ, ಭಾಳ ಉಪಕಾರ ಆತು. ವಿರುಪಮ್ಮ ಇದ್ದಾಗ ಹೇಳಿದ್ರ ಛಲೋ ಇತ್ರಿ. ತನ್ನ ಹೊಟ್ಟಿಂದ ತೋಟ ಹೋತು ಅಂತ ಸಾಯಾತನಕ ಅಂತಿದ್ಲು. ನಾ ಹೇಳಿದ್ರ ಕೇಳ್ತಿರಲಿಲ್ಲ. ನೀವು ಹೇಳಿದ್ರ ಕೇಳ್ತಿದ್ಲು."

ಊರಮ್ಮ ಒಳಗಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ಅವರ ಮುಂದಿಟ್ಟು, ತಿನ್ರಿ ಅಂದಳು. ಶೀನಪ್ಪನವರು ಒಂದನ್ನು ಮುರಿದು ಕೈಯಲ್ಲಿ ಹಿಡಿದುಕೊಂಡರು. ಯಾರ ತೋಟದ್ದೆಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲ.